ಮೂಲೆ ಮುಚ್ಚದ ಕೌದಿ

ನಮ್ಮ ಮನೆಯಲ್ಲಿ ಯಾರೂ ನಂಬದ ಮಾತು ಒಂದಿತ್ತು. ಅದು 'ಸುಮ್ನೆ' ಅನ್ನುವ ಮಾತು. ಯಾಕೆ ನಗ್ತೀಯ ಅಂದರೆ ಸುಮ್ನೆ, ಯಾಕೆ ಬಾಗಿಲಲ್ಲಿ ನಿಂತೀಯ ಅಂದರೆ ಸುಮ್ನೆ ಅಂತ ಬೇರೆ ಮನೆಯ ಮಕ್ಕಳು ಹೇಳಿ ಪಾರಾಗುತ್ತಿದ್ದರು. ನನಗೆ ಆ ಭಾಗ್ಯ ಇರಲಿಲ್ಲ. ಬಸಮ್ಮಜ್ಜಿ, ಅಂದರೆ ನನ್ನ ಅಪ್ಪನ ತಾಯಿ, ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಕಣ್ಣು ಸಣ್ಣ ಮಾಡಿ ವಿಚಾರಣೆಗೆ ಕೂರುವಳು.

"ಸುಮ್ನೆ ಅಂದ್ರೆ ಏನೋ ಐತೆ ಅಂತ್ಲೇ ಅರ್ಥ. ಬಾ ಇಲ್ಲಿ ಗಿರಿಜಾ. ಏನದು, ಹೇಳು."

ಏನೂ ಇಲ್ಲದಿದ್ದರೂ ಏನಾದರೊಂದು ಒಪ್ಪಿಕೊಂಡೇ ಅಲ್ಲಿಂದ ಏಳಬೇಕು. ಹಾಗಾಗಿ ನಾನು ಸಣ್ಣ ಪುಟ್ಟ ತಪ್ಪುಗಳನ್ನು ಮೊದಲೇ ಜೋಡಿಸಿಟ್ಟುಕೊಂಡಿರುತ್ತಿದ್ದೆ. ಬೆಲ್ಲದ ಚೂರು ತಿಂದೆ ಅಂತಲೋ, ಬೆಕ್ಕಿಗೆ ಹಾಲು ಹಾಕಿದೆ ಅಂತಲೋ ಹೇಳಿದರೆ ಅಜ್ಜಿಗೆ ಸಮಾಧಾನ. ಆ ಮನೆಯಲ್ಲಿ ಬೆಳೆದ ನಾನು ಈ ವಯಸ್ಸಿನಲ್ಲೂ, ಅಂಗಡಿಯವನು ದಾರದ ಉಂಡೆಯೊಂದನ್ನು ಹೆಚ್ಚಿಗೆ ಕೊಟ್ಟರೆ ಕಿಟಕಿಯ ಬೆಳಕಿಗೆ ಹಿಡಿದು ಎಳೆದು ನೋಡುತ್ತೇನೆ. ಪುಸಕ್ಕನೆ ಹರಿಯುವ ಹಳೇ ದಾರ ಇರಬಹುದು, ಯಾರಿಗೆ ಗೊತ್ತು. ನನ್ನ ಸೊಸೆ ನಗುತ್ತಾಳೆ. ನಗಲಿ ಬಿಡಿ. ಅವಳು ಯಾಕೆ ನಗುತ್ತಾಳೆ ಅನ್ನುವುದರ ಮೇಲೂ ನನಗೊಂದು ಅನುಮಾನ ಇದ್ದೇ ಇದೆ.

ಶಿಕಾರಿಪುರದಲ್ಲಿ ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಬೆಲ್ಲ, ಹುಣಸೆಹಣ್ಣು, ಎಲ್ಲಕ್ಕಿಂತ ಹೆಚ್ಚಾಗಿ ಒಣಮೆಣಸಿನಕಾಯಿ. ಮೆಣಸಿನಕಾಯಿಯ ಚೀಲಗಳು ಪಡಸಾಲೆಯವರೆಗೂ ಒಳನುಗ್ಗಿ ಕೂತಿರುತ್ತಿದ್ದವು. ನಮಗೆ ಆ ಘಾಟು ಗೊತ್ತೇ ಆಗುತ್ತಿರಲಿಲ್ಲ, ಹೊಸಬರು ಮಾತ್ರ ಹೊಸಿಲು ದಾಟಿದ ಕೂಡಲೇ ಸೀನುವರು. ಹೊಸಿಲಲ್ಲಿ ಸೀನುವುದು ಅಜ್ಜಿಗೆ ಅಪಶಕುನ. ಹೀಗೆ ನಮ್ಮ ಮನೆಗೆ ಬಂದವರೆಲ್ಲ ಬಾಗಿಲಲ್ಲೇ ಅನುಮಾನಕ್ಕೆ ಒಳಗಾಗಿಯೇ ಒಳಗೆ ಬರುತ್ತಿದ್ದರು. ಪಡಸಾಲೆ ದಾಟಿದರೆ ನಡುಮನೆ, ಅದೇ ಅಜ್ಜಿಯ ರಾಜ್ಯ. ಅಲ್ಲಿ ಕಂಬಕ್ಕೆ ಒರಗಿ ಕೂತರೆ ಒಂದು ಕಡೆ ಅಡುಗೆಮನೆಯ ಒಲೆ, ಇನ್ನೊಂದು ಕಡೆ ಹಿತ್ತಲಿನ ಬಾಗಿಲು, ಮುಂದೆ ಅಂಗಡಿಯ ತಕ್ಕಡಿ, ಮೂರೂ ಕಾಣುತ್ತಿದ್ದವು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಬೆಣ್ಣೆಯ ಗಡಿಗೆಯಲ್ಲಿ ಬೆಣ್ಣೆಯ ಮೇಲೆ ಉಗುರಿನಿಂದ ಗೆರೆ ಎಳೆದಿಡುವಳು, ಹುಣಸೆಹಣ್ಣಿನ ಉಂಡೆಗೆ ಹೆಬ್ಬೆಟ್ಟು ಒತ್ತಿಡುವಳು. ನನ್ನವ್ವ ಆ ಮನೆಗೆ ಬಂದು ಅಷ್ಟು ವರ್ಷವಾದರೂ, ಸಾರಿಗೆ ಹುಣಸೆಹಣ್ಣು ತೆಗೆಯುವಾಗ "ತಗೊಂಡೆ ಕಣ್ರಿ ಅತ್ತೆ" ಎಂದು ಕೂಗಿ ಹೇಳಿಯೇ ತೆಗೆಯುತ್ತಿದ್ದಳು.

ಹಳೆಯ ಬಟ್ಟೆಯ ವಿಷಯದಲ್ಲಂತೂ ಅಜ್ಜಿ ಯಾರ ಮಾತನ್ನೂ ಕೇಳುವವಳಲ್ಲ. ಮೈಮೇಲೆ ಉಟ್ಟ ಬಟ್ಟೆ ಪರರ ಕೈಗೆ ಹೋಗಬಾರದು. ಹೋದರೆ ಮಾಟ ಮಾಡಿಸುತ್ತಾರೆ. ಸೀರೆ ಹರಿದರೆ ಅದರ ಸೆರಗಿನ ಮೂಲೆ ಕತ್ತರಿಸಿ ಮೊದಲು ಒಲೆಗೆ ಹಾಕುವಳು. ಉಳಿದದ್ದನ್ನು ಹಿತ್ತಲಿನ ಬಾಯಿ ಒಡೆದ ಮಡಕೆಯೊಂದರಲ್ಲಿ ತುರುಕಿಡುವಳು. ದೀಪ ಒರೆಸಲು, ಬಿಸಿ ಪಾತ್ರೆ ಹಿಡಿಯಲು ಅದರಿಂದಲೇ. ಹಳೇ ಬಟ್ಟೆಯ ಚೂರು ಕೂಡಿಸಿ ಹಾಸಲು ಕೌದಿ ಹೊಲಿದುಕೊಡುವ ಹೆಂಗಸರು ಬೀದಿಯಲ್ಲಿ ಕೂಗುತ್ತಾ ಬಂದರೆ ಎದುರುಮನೆಯವರೆಲ್ಲ ಗಂಟು ಗಂಟು ಬಟ್ಟೆ ಕೊಡುತ್ತಿದ್ದರು, ನಮ್ಮ ಮನೆಯ ಬಾಗಿಲು ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರಿಗೂ ಚಾಪೆ ಮತ್ತು ಕಂಬಳಿಯೇ ಗತಿ. ಅಜ್ಜಿಯೂ ಈಚಲ ಚಾಪೆಯ ಮೇಲೇ ಮಲಗುತ್ತಿದ್ದಳು. ಬಾವಿಕಟ್ಟೆಯಲ್ಲಿ ಬಿದ್ದ ಮೇಲೆ ಅವಳ ಎಡ ಸೊಂಟ ನೆಟ್ಟಗಿರಲಿಲ್ಲ. ಊಟವಾದ ಮೇಲೆ ನಡುಮನೆಯಲ್ಲಿ ಒರಗಿದರೆ "ಶಿವನೇ, ಶಿವನೇ" ಎಂದು ಮಗ್ಗುಲು ಬದಲಿಸುತ್ತಲೇ ಇರುವಳು. ಆದರೂ ಕೌದಿ ಬೇಡ.

ಇಂಥ ಮನೆಗೆ ಶಾಂತ ಚಿಕ್ಕಮ್ಮ ಸೊಸೆಯಾಗಿ ಬಂದಳು. ನನ್ನ ಚಿಕ್ಕಪ್ಪ ಶಿವಣ್ಣನ ಹೆಂಡತಿ. ಸೊರಬದ ಕಡೆ ಜಡೆ ಅನ್ನುವ ಊರಿನ ಹುಡುಗಿ. ಹೊಸಿಲ ಮೇಲಿನ ಅಕ್ಕಿ ಸೇರು ಕಾಲಲ್ಲಿ ಒದ್ದವಳೇ ಗಟ್ಟಿಯಾಗಿ ಸೀನಿದಳು. ಒಂದಾದ ಮೇಲೆ ಒಂದು, ನಿಲ್ಲಿಸದೆ. ಜೊತೆಗೆ ನಕ್ಕೂ ಬಿಟ್ಟಳು. ಅಜ್ಜಿ ಆರತಿ ತಟ್ಟೆ ಹಿಡಿದುಕೊಂಡೇ ನನ್ನ ಅವ್ವನ ಕಡೆ ನೋಡಿದ ನೋಟ ನನಗೆ ಈಗಲೂ ನೆನಪಿದೆ. ಅದರ ಮಾರನೇ ದಿನವೇ ತಂಬುಳಿಯ ಪ್ರಸಂಗ. ಚಿಕ್ಕಮ್ಮ ಹಿತ್ತಲಿನಿಂದ ಯಾವುದೋ ಸೊಪ್ಪು ಕಿತ್ತು, ಹುರಿದು, ಕಾಯಿಯ ಜೊತೆ ಅರೆದು ಮಜ್ಜಿಗೆಗೆ ಕಲಸಿ ಊಟಕ್ಕೆ ಬಡಿಸಿದಳು. ನಮ್ಮಲ್ಲಿ ರೊಟ್ಟಿ, ಪಲ್ಯ, ಖಾರದ ಚಟ್ನಿ ಬಿಟ್ಟರೆ ಅನ್ನ ಸಾರು. ಆ ಹಸಿರು ಮಜ್ಜಿಗೆಯನ್ನು ನೋಡಿ ಅಜ್ಜಿ ತಟ್ಟೆಗೆ ಕೈ ಅಡ್ಡ ಹಿಡಿದಳು.

"ಏನೇ ಇದು, ಹಸ್ರಗೆ?"

"ಎಂತ ಇಲ್ಲ ಅತ್ತೆ, ಒಂದೆಲಗದ ತಂಬುಳಿ. ತಂಪು."

"ಶಿವಣ್ಣ ಉಣ್ಲಿ ಮೊದ್ಲು."

ಚಿಕ್ಕಪ್ಪ ಉಂಡ. ಅಜ್ಜಿ ಅವನ ಮುಖವನ್ನೇ ನೋಡುತ್ತಾ ಕೂತಳು. ಅವನು ಇನ್ನೂ ಸ್ವಲ್ಪ ಹಾಕು ಅಂದದ್ದು ಅವಳ ಅನುಮಾನವನ್ನು ಕಮ್ಮಿ ಮಾಡಲಿಲ್ಲ, ಜಾಸ್ತಿ ಮಾಡಿತು.

ಚಿಕ್ಕಮ್ಮ ತವರಿನಿಂದ ತಂದ ಟ್ರಂಕಿನ ಜೊತೆ ಒಂದು ಬಿಸ್ಕತ್ತಿನ ಡಬ್ಬಿ ಬಂದಿತ್ತು. ಬಣ್ಣ ಉದುರಿದ ದೊಡ್ಡ ತಗಡಿನ ಡಬ್ಬಿ. ಮಧ್ಯಾಹ್ನ ಪಾತ್ರೆ ತೊಳೆದು, ಅಡುಗೆಮನೆ ಸಾರಿಸಿ ಎಲ್ಲರೂ ಒರಗುವ ಹೊತ್ತಿಗೆ ಅವಳು ಹಿತ್ತಲ ಬಾಗಿಲ ಬೆಳಕಿನಲ್ಲಿ ಕಾಲು ಚಾಚಿ ಕೂತು ಆ ಡಬ್ಬಿ ತೆರೆಯುವಳು. ಒಳಗೆ ಕತ್ತರಿ, ಉದ್ದ ಸೂಜಿ, ದಾರದ ಉಂಡೆ, ಮತ್ತೆ ಚೂರುಗಳು. ಕುಪ್ಪಸದ ಕಣದ ಚೂರು, ಲಂಗದ ಚೂರು, ಅಂಗಿಯ ತೋಳು. ಅವನ್ನು ತೊಡೆಯ ಮೇಲೆ ಹರಡಿಕೊಂಡು ಕೆಂಪಿನ ಪಕ್ಕ ಹಳದಿ ಇಟ್ಟು ನೋಡುವಳು, ತೆಗೆದು ಬೂದಿಬಣ್ಣ ಇಡುವಳು, ತಲೆ ಓರೆ ಮಾಡಿ ತನ್ನಷ್ಟಕ್ಕೆ ನಗುವಳು. ಆಮೇಲೆ ಹೊಲಿಯುವಳು. ಯಾವ ಬಟ್ಟೆಯೂ ಹರಿದಿರಲಿಲ್ಲ, ಯಾರೂ ಹೊಲಿ ಅಂದಿರಲಿಲ್ಲ. ಹೊಲಿಗೆ ಅಂದರೆ ನಮ್ಮ ಮನೆಯಲ್ಲಿ ಗುಂಡಿ ಕಿತ್ತುಹೋದಾಗ ಗೊಣಗುತ್ತಾ ಮಾಡುವ ಕೆಲಸ. ಹೊಲಿಯುತ್ತಾ ನಗುವವಳನ್ನು ನಾವು ಯಾರೂ ನೋಡಿರಲಿಲ್ಲ.

"ಏನ್ ಹೊಲಿಯಾಕತ್ತೀಯೆ?" ಕಂಬದ ಬುಡದಿಂದಲೇ ಅಜ್ಜಿ ಕೇಳಿದಳು.

"ಎಂತ ಇಲ್ಲ ಅತ್ತೆ. ಕೌದಿ ಅಷ್ಟೆ."

"ಯಾರಿಗೆ?"

"ಯಾರಿಗೂ ಅಂತ ಇಲ್ಲ. ಸುಮ್ನೆ."

ಅಯ್ಯೋ, ಆ ಮಾತು! ಅಜ್ಜಿ ಏನೂ ಅನ್ನಲಿಲ್ಲ. ಅಜ್ಜಿ ಏನೂ ಅನ್ನದಿದ್ದರೆ ಅದು ಇನ್ನೂ ಕೆಟ್ಟದ್ದು.

ಅಲ್ಲಿಂದ ಮನೆಯಲ್ಲಿ ಎಲ್ಲರೂ ಒಂದೊಂದು ಅರ್ಥ ಕಟ್ಟತೊಡಗಿದರು. ನನ್ನವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ, ಇದು ತವರಿಗೆ ಸಾಗಿಸುವ ಕೌದಿ, ನಮ್ಮ ಮನೆಯ ಬಟ್ಟೆ ಜಡೆಗೆ ಹೋಗುತ್ತೆ ನೋಡ್ತಿರು ಅಂದಳು. ಅಪ್ಪ ಲಕ್ಷ್ಯವೇ ಕೊಡದವನಂತೆ ಇದ್ದು, ಒಂದು ದಿನ ಊಟದ ನಡುವೆ ಇದ್ದಕ್ಕಿದ್ದಂತೆ, ನಿನ್ನ ಹೆಂಡತಿ ಯಾಕೋ ಅಷ್ಟು ಹೊಲೀತಾಳೆ ಅಂತ ತಮ್ಮನನ್ನು ಕೇಳಿದ. ಚಿಕ್ಕಪ್ಪ "ನಂಗೇನ್ ಗೊತ್ತಣ್ಣ, ಹೊರಗೆ ಗಿರಾಕಿ ಬಂದಾರೆ" ಎಂದು ಅರ್ಧ ಊಟ ಬಿಟ್ಟು ಅಂಗಡಿಗೆ ಓಡಿದ. ಅಂಗಡಿಯಲ್ಲಿ ಯಾರೂ ಇರಲಿಲ್ಲ, ನಾನು ಇಣುಕಿ ನೋಡಿದೆ. ಅಜ್ಜಿಯ ಅರ್ಥ ಎಲ್ಲರದ್ದಕ್ಕಿಂತ ದೊಡ್ಡದು. ಹೊಸ ಸೊಸೆ ತನ್ನ ಹಾಸಿಗೆ ತಾನು ಹೊಂದಿಸಿಕೊಳ್ಳುತ್ತಿದ್ದಾಳೆ ಅಂದರೆ ಬೇರೆ ಒಲೆ ಹೂಡುವ ತಯಾರಿ ನಡೆದಿದೆ ಅಂತಲೇ. ಇವತ್ತು ಕೌದಿ, ನಾಳೆ ಪಾತ್ರೆ, ನಾಡಿದ್ದು ನಡುಮನೆಗೆ ಅಡ್ಡಗೋಡೆ. ಮಗನನ್ನು ಕಳೆದುಕೊಳ್ಳುವ ಭಯ ಅದು. ಈಗ ಗೊತ್ತಾಗುತ್ತದೆ. ಆಗ ನನಗೆ ಗೊತ್ತಾದದ್ದು ಅಜ್ಜಿಯ ದನಿ ಗಡಸಾಯಿತು ಅನ್ನುವುದಷ್ಟೆ.

ನಾನೂ ನನ್ನ ಪಾಲಿನ ಅನುಮಾನ ಪಡಲೆಂದೇ ಚಿಕ್ಕಮ್ಮನ ಪಕ್ಕ ಹೋಗಿ ಕೂತೆ. ಯಾರೂ ಕಳಿಸಲಿಲ್ಲ. ನನ್ನ ಲಂಗದ ಚೂರು ಆ ರಾಶಿಯಲ್ಲಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು.

"ಇದು ನಂದು."

"ಹೌದನಾ? ಚೆಂದ ಅದೆ. ನಿಮ್ಮವ್ವನ್ನ ಕೇಳಿ ತಗೊಂಡೆ ಮಾರಾಯ್ತಿ. ಎಲ್ಲಿ ಇಡಾಣ ಇದನ್ನ, ನೀನೇ ಹೇಳು."

ನನ್ನನ್ನು ಆ ಮನೆಯಲ್ಲಿ ಯಾರೂ ಎಲ್ಲಿ ಇಡಾಣ ಅಂತ ಕೇಳಿದವರಲ್ಲ. ನಾನು ತೋರಿಸಿದೆ, ಅವಳು ಅಲ್ಲೇ ಇಟ್ಟಳು. ಸೂಜಿ ನನ್ನ ಕೈಗೆ ಕೊಟ್ಟಳು. ಬೆರಳಿಗೆ ಚಿಂದಿ ಸುತ್ತಿಕೊಳ್ಳುವುದು, ಪದರಗಳನ್ನು ಎಡಗೈಯಲ್ಲಿ ಬಿಗಿ ಹಿಡಿಯುವುದು, ಸೂಜಿಯ ಮೇಲೆ ಬಟ್ಟೆಯನ್ನೇ ಕುಣಿಸಿ ಒಟ್ಟಿಗೆ ಸಾಲು ಹೊಲಿಗೆ ಎಳೆಯುವುದು, ಎಲ್ಲ ತೋರಿಸಿದಳು. ದಾರ ಜಗ್ಗಿದಾಗ ಬಟ್ಟೆ ಸಣ್ಣಗೆ ನೆರಿಗೆಯಾಗಿ ಉಬ್ಬಿಕೊಳ್ಳುವುದಿದೆಯಲ್ಲ, ಅದನ್ನು ಮೊದಲ ಸಲ ನನ್ನ ಕೈಯಲ್ಲೇ ಕಂಡಾಗ ಎಷ್ಟು ಖುಷಿಯಾಯಿತೆಂದರೆ, ನನಗೆ ನನ್ನ ಮೇಲೇ ಅನುಮಾನ ಬಂತು. ಇಷ್ಟು ಖುಷಿಯಾಗುತ್ತಿದೆ ಅಂದಮೇಲೆ ಏನೋ ತಪ್ಪು ಇರಲೇಬೇಕು. ಆದರೂ ಕೈ ಬಿಡಲಿಲ್ಲ. ಮಧ್ಯಾಹ್ನವಾಗುವುದನ್ನೇ ಕಾಯತೊಡಗಿದೆ. ಶಾಲೆಯಲ್ಲಿ ಕೂತರೂ ಕರಿಹಲಗೆಯ ಮೇಲೆ ಚೂರುಗಳೇ ಕಾಣುತ್ತಿದ್ದವು.

"ಚಿಕ್ಕಮ್ಮ, ನಿಜ ಹೇಳು, ಯಾರಿಗಿದು?"

"ಹೊಲಿಯೋದು ನನ್ನ ಖುಷಿಗೆ ಕಣೆ. ಯಾರಿಗೆ ಅನ್ನೋದು ಆಮೇಲಿಂದು."

"ಆಮೇಲೆ ಅಂದ್ರೆ?"

"ಕೌದಿ ಮುಗೀಲಿ. ಮುಗಿಯೋ ಮುಂಚೆ ಹೆಸರು ಹೇಳಬಾರ್ದು. ನಮ್ಮ ಕಡೆ ಹಂಗೆ."

ಈ ಮಾತು ನನಗೆ ಸರಿಬರಲಿಲ್ಲ. ಹೆಸರು ಹೇಳಬಾರದು ಅಂದರೆ ಹೆಸರು ಇದೆ ಅಂತಾಯಿತು. ಆದರೆ ಅಜ್ಜಿಗೆ ಹೇಳಲೂ ಇಲ್ಲ, ಯಾಕೆಂದರೆ ಹೇಳಿದರೆ ಸೂಜಿ ಕೈತಪ್ಪುತ್ತದೆ.

ಆಷಾಢ ಮುಗಿಯುವ ಹೊತ್ತಿಗೆ ಕೌದಿ ದೊಡ್ಡದಾಗಿ, ನಡುಮನೆಯಲ್ಲಿ ಹಾಸಿದರೆ ಕಂಬದಿಂದ ಗೋಡೆಯವರೆಗೆ ಬರುವಂತಾಯಿತು. ಸುತ್ತಲೂ ಕೆಂಪು ಪಟ್ಟಿ ಕೊಟ್ಟು ಅಂಚು ಕಟ್ಟಿದ್ದಳು. ಒಂದು ಮೂಲೆಯಲ್ಲಿ ಮಾತ್ರ ಪಟ್ಟಿ ಕೂಡಿಸದೆ ಗೇಣಗಲ ಬಾಯಿ ಬಿಟ್ಟಿದ್ದಳು. ಅದನ್ನು ಮೊದಲು ಕಂಡದ್ದು ಮೂಲೆಮನೆಯ ಹಾಲಮ್ಮ. ಹಾಲಮ್ಮನಿಗೆ ನಮ್ಮ ಮನೆಗೆ ಬರಲು ಮೊಸರಿಗೆ ಹೆಪ್ಪು ಬೇಕಾಗುತ್ತಿತ್ತು. ದಿನಾ ಅವಳ ಮೊಸರು ಹೇಗೆ ಕೆಡುತ್ತಿತ್ತೋ, ಅದೂ ನನಗೊಂದು ಅನುಮಾನ. ಅವತ್ತು ಅವಳು ಹೆಪ್ಪಿನ ಬಟ್ಟಲು ಹಿಡಿದುಕೊಂಡೇ ಕೌದಿಯ ಸುತ್ತ ಒಂದು ಸುತ್ತು ಬಂದಳು.

"ಬಸಮ್ಮಕ್ಕ, ಇಲ್ಲಿ ನೋಡು. ಈ ಹಸ್ರು ಸೀರೆ ನಿಂದಲ್ಲೇನೆ?"

ಅಜ್ಜಿ ಎದ್ದು ಬಂದಳು. ಕೌದಿಯ ನಡುವೆ, ಸ್ವಲ್ಪ ಎಡಕ್ಕೆ, ಗಿಳಿಹಸಿರು ಬಣ್ಣದಲ್ಲಿ ಹಳದಿ ಚೌಕುಳಿಯ ದೊಡ್ಡ ತುಂಡು. ಅಜ್ಜಿಯ ಸೀರೆಯೇ ಅದು, ಹಿತ್ತಲಿನ ಒಡಕು ಮಡಕೆಯಲ್ಲಿ ಇದ್ದದ್ದು. ಅಜ್ಜಿ ಬಗ್ಗಿ ಅದರ ಮೇಲೆ ಕೈಯಾಡಿಸಿದಳು. ಕೈ ಒಂದು ಕಡೆ ತಟ್ಟನೆ ನಿಂತಿತು. ಆ ಹಸಿರು ತುಂಡಿನ ಕೆಳಗೆ ಏನೋ ದಪ್ಪಗೆ ಗಂಟಿನಂತೆ ಇತ್ತು. ಅಂಗೈಯಿಂದ ಒತ್ತಿದಳು, ಮತ್ತೆ ಒತ್ತಿದಳು. ಆಮೇಲೆ ಕಣ್ಣು ಮೂಲೆಗೆ ಹೋಯಿತು, ಬಾಯಿ ತೆರೆದ ಮೂಲೆಗೆ. ನಮ್ಮ ಕಡೆ ಹೆಣಕ್ಕೆ ಹೊದಿಸುವ ಬಟ್ಟೆಯ ಅಂಚನ್ನು ಮಾತ್ರ ಹೊಲಿದು ಮುಚ್ಚುವುದಿಲ್ಲ. ಬದುಕಿರುವವರ ಬಟ್ಟೆ, ಅದು ಎಷ್ಟೇ ಹರಕಾಗಿರಲಿ, ನಾಲ್ಕೂ ಮೂಲೆ ಮುಚ್ಚಿರಬೇಕು.

"ನನ್ನ ಸೀರೆ. ಒಳಗೆ ಗಂಟು. ಮೂಲೆ ಮುಚ್ಚಿಲ್ಲ," ಅಂದಳು ಅಜ್ಜಿ. ಜೋರಾಗಿ ಅಲ್ಲ. "ನಂಗೇ ಹೊಲ್ದಾಳೆ, ಹಾಲಮ್ಮ. ನನ್ನ ಕಳ್ಸಾಕೆ ಹೊಲ್ದಾಳೆ."

ಹಾಲಮ್ಮ ಉಡುತಡಿಯ ಯಾರದೋ ಮನೆಯಲ್ಲಿ ದಿಂಬಿನೊಳಗೆ ಏನೇನೋ ಸಿಕ್ಕಿತಂತೆ ಅಂತ ಶುರುಮಾಡಿದಳು. ಅವಳಿಗೆ ಹೆಪ್ಪು ಮರೆತೇಹೋಯಿತು.

ಮಾರನೇ ದಿನ ಪಂಚಮಿಗೆ ಕರೆದೊಯ್ಯಲು ಚಿಕ್ಕಮ್ಮನ ಅಣ್ಣ ಸೊರಬದ ಬಸ್ಸಿಗೆ ಬರುವವನಿದ್ದ. ಮನೆಯಲ್ಲಿ ತಂಬಿಟ್ಟು, ಶೇಂಗಾ ಉಂಡೆ ಕಟ್ಟುವ ಸಡಗರ. ಬೆಲ್ಲದ ಪಾಕದ ವಾಸನೆಯ ನಡುವೆಯೇ ಅಜ್ಜಿ ಎಲ್ಲರನ್ನೂ ನಡುಮನೆಗೆ ಕರೆದಳು. ಅಪ್ಪ ತಕ್ಕಡಿ ಬಿಟ್ಟು ಬಂದ. ಚಿಕ್ಕಪ್ಪ ಕಂಬದ ಹಿಂದೆ ನಿಂತ. ಅವ್ವ ಪಾಕದ ಕೈಯಲ್ಲೇ ಬಂದಳು. ಕೌದಿ ನಡುವೆ ಹಾಸಿತ್ತು. ಚಿಕ್ಕಮ್ಮ ಅದರ ಆಚೆ ನಿಂತಿದ್ದಳು, ಈಚೆ ಅಜ್ಜಿ.

"ನಿಮ್ಮಣ್ಣ ನಾಳೆ ಬರ್ತಾನೆ. ಹೋಗು. ಆ ಡಬ್ಬಿ ತಗೊಂಡೇ ಹೋಗು. ಮುಂದಿಂದು ಇದ್ರೊಳಗೆ ಏನೈತೆ ಅನ್ನೋದರ ಮ್ಯಾಲೆ. ಏನೂ ಇಲ್ದಿದ್ರೆ ನೀನೊಬ್ಳು ಬಾ, ಡಬ್ಬಿ ಅಲ್ಲೇ ಇರ್ಲಿ. ಏನಾರ ಸಿಕ್ತೋ, ನೀನೂ ಅಲ್ಲೇ ಇರು."

"ಅವ್ವಾ," ಅಂದ ಚಿಕ್ಕಪ್ಪ.

"ನೀ ಸುಮ್ನಿರು. ಹಸ್ರು ಮಜ್ಜಿಗೆ ಕುಡ್ದೋನು ನೀನು."

ಎರಡರಲ್ಲಿ ಯಾವುದೇ ಆದರೂ ಡಬ್ಬಿಯಂತೂ ಹೋಗುವುದು ಖಂಡಿತ. ಡಬ್ಬಿ ಹೋದರೆ ನನ್ನ ಮಧ್ಯಾಹ್ನವೇ ಹೋದಂತೆ. ಚಿಕ್ಕಮ್ಮ ಅಳುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ. ಸಿಟ್ಟಿನಿಂದ ಮೂಗಿನ ತುದಿ ಕೆಂಪಾಗಿತ್ತು. ಡಬ್ಬಿಯಿಂದ ಕತ್ತರಿ ತೆಗೆದು, ಹಿಡಿಯನ್ನು ಮುಂದೆ ಮಾಡಿ ಅಜ್ಜಿಗೆ ಕೊಟ್ಟಳು.

"ಬಿಚ್ಚಿ ನೋಡ್ರಿ."

ಅಜ್ಜಿ ಕೂತಳು. ಹಸಿರು ತುಂಡಿನ ಸುತ್ತ ಒಂದೊಂದೇ ಹೊಲಿಗೆ ಕತ್ತರಿಸುತ್ತಾ ಹೋದಳು. ಅಷ್ಟು ಸಣ್ಣ ಹೊಲಿಗೆಗಳು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅದರಲ್ಲಿ ಕೆಲವು ನನ್ನವು. ಅವು ಓರೆಕೋರೆಯಾಗಿದ್ದವು, ಬೇಗ ಬಿಚ್ಚಿಕೊಂಡವು. ಹಸಿರು ತುಂಡು ಕಳಚಿತು. ಅಜ್ಜಿ ಕೈ ಒಳಗೆ ಹಾಕಿ ಹೊರಗೆಳೆದಳು. ಬಂದದ್ದು ಬಟ್ಟೆ. ಒಗೆದು ಒಗೆದು ಹಾಲಿನ ಕೆನೆಯಷ್ಟು ಮೆದುವಾದ ಹಳೇ ಪಂಚೆಯ ತುಂಡು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಇನ್ನೊಂದು. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಒಂದರ ಮೇಲೊಂದು ಹಾಸಿದ್ದವು. ಅಜ್ಜಿ ಒಂದೊಂದನ್ನೂ ಕೊಡವಿದಳು, ಮೂಸಿದಳು, ಬೆಳಕಿಗೆ ಹಿಡಿದಳು. ಕೂದಲಿಲ್ಲ, ಕುಂಕುಮವಿಲ್ಲ, ಲಿಂಬೆಹಣ್ಣಿಲ್ಲ, ತಾಯಿತವಿಲ್ಲ. ಬರೀ ಬಟ್ಟೆ. ಬಾಗಿಲಲ್ಲಿ ನಿಂತಿದ್ದ ಹಾಲಮ್ಮನ ಮುಖ ಸಪ್ಪಗಾಯಿತು.

"ಇಲ್ಲೊಂದೇ ಕಡೆ ಯಾಕೆ ತುರ್ಕೀಯ ಇಷ್ಟು?"

"ನಿಮ್ಮ ಸೊಂಟಕ್ಕೆ."

"ಏನು?"

"ನಿಮ್ಮ ಎಡ ಸೊಂಟ ಬರೋ ಜಾಗ ಅದು ಅತ್ತೆ. ಬರೀ ನೆಲದ ಮೇಲೆ ಒತ್ತಿದ್ರೆ ನೋಯ್ತದಲ್ಲ."

ಅಜ್ಜಿ ನಂಬಲಿಲ್ಲ. ಇಲ್ಲಿಯೇ ನಂಬಿಬಿಟ್ಟಿದ್ದರೆ ಅವಳು ನನ್ನ ಅಜ್ಜಿಯೇ ಅಲ್ಲ. ಹುಬ್ಬು ಗಂಟಿಕ್ಕಿ ಮತ್ತೊಂದು ಪ್ರಶ್ನೆ ಹಾಕಿದಳು.

"ನನ್ನ ಅಳತೆ ನಿಂಗೆ ಯಾರ್ ಕೊಟ್ರು? ನಾನು ಮಲ್ಗಿದಾಗ ಬಂದು ಅಳ್ದೆಯೇನು?"

ಚಿಕ್ಕಮ್ಮ ಗೋಡೆಗೆ ಒರಗಿಸಿಟ್ಟಿದ್ದ ಅಜ್ಜಿಯ ಈಚಲ ಚಾಪೆಯನ್ನು ತಂದು ಕೌದಿಯ ಮೇಲೆ ಬಿಡಿಸಿದಳು. ದಿನಾ ಕಸ ಗುಡಿಸುವಾಗ ಅದನ್ನು ಸುತ್ತಿಡುತ್ತಿದ್ದದ್ದು ಅವಳೇ. ಚಾಪೆಯ ನಡುವೆ, ಸ್ವಲ್ಪ ಎಡಕ್ಕೆ, ಈಚಲ ಗರಿ ಸವೆದು ತಗ್ಗು ಬಿದ್ದಿತ್ತು. ನಾವೆಲ್ಲ ದಿನಾ ದಾಟಿ ಓಡಾಡಿದ ಚಾಪೆ. ಯಾರೂ ನೋಡಿರಲಿಲ್ಲ. ಎಲ್ಲವನ್ನೂ ನೋಡುವ ಅಜ್ಜಿಯೂ ನೋಡಿರಲಿಲ್ಲ, ಅದರ ಮೇಲೆ ಅವಳೇ ಮಲಗಿರುತ್ತಿದ್ದಳಲ್ಲ. ಆ ತಗ್ಗಿನ ಕೆಳಗೆ ಸರಿಯಾಗಿ ಕೌದಿಯ ಹಸಿರು ಜಾಗ ಬಂದಿತ್ತು.

"ಮತ್ತೆ ಮೂಲೆ?" ಅಂದಳು ಅಜ್ಜಿ. ದನಿ ಸಣ್ಣದಾಗಿತ್ತು, ಆದರೂ ಬಿಡಲಿಲ್ಲ. "ಮೂಲೆ ಯಾಕೆ ಮುಚ್ಚಿಲ್ಲ?"

"ನಮ್ಮ ಕಡೆ ಕೊನೇ ಮೂಲೆ ಹೊಲಿದವರು ಮುಚ್ಚಲ್ಲ ಅತ್ತೆ. ಯಾರು ಮಲಗ್ತಾರೋ ಅವರೇ ಮುಚ್ಚಬೇಕು. ಅಲ್ಲಿವರೆಗೆ ಹೆಸರೂ ಹೇಳಬಾರ್ದು. ಹೇಳಿದ್ರೆ ಕೌದಿ ಮೈಗೆ ಹತ್ತಲ್ಲ ಅಂತಾರೆ. ಈಗ ಹೇಳಿಸಿದ್ರಿ ನೀವು." ಇಷ್ಟು ಹೇಳಿ ಚಾಪೆಯನ್ನು ಸುತ್ತತೊಡಗಿದಳು. "ಹೊಲಿಯೋದೇನೋ ಸುಮ್ನೇನೇ ಹೊಲಿದೆ. ಅದು ಸುಳ್ಳಲ್ಲ. ಆ ಚಾಪೆ ನೋಡಿದ ಮೇಲೆ ನಿಮಗಿರಲಿ ಅನ್ನಿಸ್ತು."

ಅಡುಗೆಮನೆಯಲ್ಲಿ ಪಾಕ ಹೊತ್ತಿದ ವಾಸನೆ ಬಂತು, ಅವ್ವ ಓಡಿದಳು. ಅಜ್ಜಿ ಕಳಚಿದ ಪಂಚೆಯ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಕೂತಳು. ತಪ್ಪಾಯಿತು ಅನ್ನುವ ಮಾತು ಅವಳ ಬಾಯಲ್ಲಿ ನಾನು ಜನ್ಮದಲ್ಲಿ ಕೇಳಿದವಳಲ್ಲ, ಅವತ್ತೂ ಕೇಳಲಿಲ್ಲ. ಚಿಕ್ಕಮ್ಮ ಮತ್ತೆ ಹೊಲಿಯಲು ಕೂರಲು ಹೋದರೆ ಅಜ್ಜಿ ಅವಳ ಕೈ ತಳ್ಳಿದಳು.

"ಬಿಡು ಅತ್ಲಾಗೆ. ಬಿಚ್ಚಿದೋಳು ನಾನು, ನಾನೇ ಹೊಲೀತೀನಿ. ನಿನ್ನ ಕೈಗೆ ಕೊಟ್ರೆ ಈ ಸಲ ಇನ್ನೇನು ತುರುಕ್ತೀಯೋ. ಏ ಗಿರಿಜಾ, ಸೂಜಿಗೆ ದಾರ ಹಾಕು."

ನಾನು ದಾರ ಪೋಣಿಸಿ ಕೊಟ್ಟೆ. ಅವಳಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಬೆರಳಿಗೆ ಚುಚ್ಚಿಕೊಂಡು ಸೂಜಿಯನ್ನು ಬೈದಳು, ಸೂಜಿ ಮಾರಿದವನನ್ನು ಬೈದಳು, ಸೊರಬದ ಸೀಮೆಯನ್ನೇ ಬೈದಳು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಬಟ್ಟೆ ಬಿಗಿಹಿಡಿದು ಕೊಟ್ಟಳು. ಒಂದು ಸುತ್ತು ಮುಗಿದ ಮೇಲೆ ಅಜ್ಜಿ ತನ್ನ ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿ ದಾರ ಎಳೆದಳು. ಬಟ್ಟೆ ಸಣ್ಣಗೆ ನೆರಿಗೆಯಾಗಿ ಉಬ್ಬಿತು. ಅಜ್ಜಿ ಅದನ್ನು ನೋಡಿದಳು, ನಾನು ಅಜ್ಜಿಯನ್ನು ನೋಡಿದೆ. ಆ ಮುಖ ನನಗೆ ಗೊತ್ತಿದ್ದ ಮುಖವಲ್ಲ. ಇನ್ನೊಂದು ಸುತ್ತು ಬೇಕಾಗಿರಲಿಲ್ಲ, ಅವಳು ಹಾಕಿದಳು.

ಊಟವಾದ ಮೇಲೆ ಕೌದಿಯ ಮೇಲೆ ಎಡ ಮಗ್ಗುಲಾಗಿ ಒರಗಿ ನೋಡಿದಳು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುವವರ ಹಾಗೆ ಅಲ್ಲಲ್ಲೇ ಓಡಾಡುತ್ತಿದ್ದೆವು. ಶಿವನೇ ಅನ್ನುವ ಮಾತು ಬರಲೇ ಇಲ್ಲ. ಬಹಳ ಹೊತ್ತಿನ ಮೇಲೆ ನೋಡಿದರೆ ಗೊರಕೆ. ಎದ್ದ ಮೇಲೆ ಚಿಕ್ಕಮ್ಮ ಸೂಜಿ ಹಿಡಿದು ಬಂದಳು, ಮೂಲೆ ಮುಚ್ಚಿ ಅಂತ. ಅಜ್ಜಿ ಒಪ್ಪಲಿಲ್ಲ.

"ಮುಚ್ಚಿದ್ರೆ ಒಳಗೆ ಏನ್ ಸೇರಿಸಿದ್ರು ಅಂತ ಹೆಂಗೆ ಗೊತ್ತಾಗ್ತೈತೆ? ಇರ್ಲಿ ಹಂಗೇ."

ಹೆಣದ ಬಟ್ಟೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಆ ಮೂಲೆ ಅವಳ ಕಾಲಕ್ಕೆ ಮುಚ್ಚಲೇ ಇಲ್ಲ. ಯಾವ ಬಾಯಿಯನ್ನು ನೋಡಿ ಹೆದರಿದ್ದಳೋ, ಅದೇ ಬಾಯಿಯೊಳಗೆ ತನ್ನ ಎಲೆ ಅಡಿಕೆಯ ಸಂಚಿ ಬಚ್ಚಿಡುವುದನ್ನು ರೂಢಿ ಮಾಡಿಕೊಂಡಳು. ಹಾಲಮ್ಮ ಬಂದಾಗಲಂತೂ ಅದರ ಮೇಲೆ ಕೂತೇಬಿಡುವಳು.

ಮಾರನೇ ದಿನ ಚಿಕ್ಕಮ್ಮನ ಅಣ್ಣ ಬಂದ, ಹೊಸಿಲಲ್ಲಿ ಸೀನಿದ, ರೊಟ್ಟಿ ಉಂಡ. ಹೊರಡುವಾಗ ಚಿಕ್ಕಮ್ಮ ಅಜ್ಜಿಯ ಮಾತಿನಂತೆ ಬಿಸ್ಕತ್ತಿನ ಡಬ್ಬಿಯನ್ನೂ ಟ್ರಂಕಿನ ಮೇಲೆ ಇಟ್ಟುಕೊಂಡಿದ್ದಳು. ಏನೂ ಸಿಗದಿದ್ದರೆ ತಾನೊಬ್ಬಳೇ ವಾಪಸು ಬರಬೇಕು, ಡಬ್ಬಿ ಅಲ್ಲೇ ಇರಬೇಕು, ಅದೇ ಅಲ್ಲವೇ ಕರಾರು. ಅಜ್ಜಿ ಕಂಬದ ಬುಡದಿಂದ ಎದ್ದು ಬಂದು ಡಬ್ಬಿಯ ಮೇಲೆ ಕೈಯಿಟ್ಟಳು.

"ಇದೆಲ್ಲಿಗೆ?"

"ನೀವೇ ಹೇಳಿದ್ರಲ್ಲ ಅತ್ತೆ."

"ಅಲ್ಲಿ ಯಾರ್ಯಾರು ಕೈ ಹಾಕ್ತಾರೋ ಏನೋ. ಇಲ್ಲೇ ಇರ್ಲಿ. ಬೇಕಾದ್ರೆ ಲಗೂನ ಬಂದು ತಗೊ."

ತನ್ನ ಮನೆಯವರನ್ನೇ ಕಳ್ಳರೆಂದರಲ್ಲ ಅಂತ ಅಣ್ಣನ ಮುಖ ಕಪ್ಪಿಟ್ಟಿತು. ಚಿಕ್ಕಮ್ಮ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಬಸ್ಸಿನ ಕಡೆ ನಡೆದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದಿನಿಂದ ನನಗೆ ಗೊತ್ತಾಗಲಿಲ್ಲ.

ಪಂಚಮಿಯ ಜೋಕಾಲಿ ಆಡಿ ಮಧ್ಯಾಹ್ನ ಮನೆಗೆ ಬಂದರೆ ಹಿತ್ತಲ ಬಾಗಿಲ ಬೆಳಕಿನಲ್ಲಿ, ಚಿಕ್ಕಮ್ಮ ಕೂರುವ ಜಾಗದಲ್ಲಿ, ಅಜ್ಜಿ ಕೂತಿದ್ದಳು. ಡಬ್ಬಿ ತೆರೆದಿತ್ತು. ತೊಡೆಯ ಮೇಲೆ ಚೂರುಗಳು. ಕೆಂಪಿನ ಪಕ್ಕ ಹಳದಿ ಇಟ್ಟು ತಲೆ ಓರೆ ಮಾಡಿ ನೋಡುತ್ತಿದ್ದಳು. ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಪಕ್ಕದಲ್ಲಿ ಇಟ್ಟಿದ್ದಳು, ಕೂರಲು ಚುಚ್ಚುತ್ತಿತ್ತೇನೋ. ನಾನು ಸದ್ದಿಲ್ಲದೆ ಹೋಗಿ ಹಿಂದೆ ನಿಂತೆ.

"ಏನ್ ಹೊಲಿಯಾಕತ್ತೀಯ ಅಜ್ಜಿ?"

"ಕೌದಿ."

"ಯಾರಿಗೆ?"

ಅಜ್ಜಿ ತಲೆಯೆತ್ತಲಿಲ್ಲ. ಹಳದಿ ತೆಗೆದು ಬೂದಿಬಣ್ಣ ಇಟ್ಟಳು.

"ಸುಮ್ನೆ," ಅಂದಳು.

ನಾನು ಅವಳ ಮುಖ ನೋಡಿದೆ, ಕೈ ನೋಡಿದೆ, ಚೂರುಗಳನ್ನು ನೋಡಿದೆ. ಒಂದಿಷ್ಟೂ ನಂಬಲಿಲ್ಲ. ಮೆಲ್ಲಗೆ ಒಳಗೆ ಹೋಗಿ, ನಾನು ಮಲಗುವ ಚಾಪೆಯನ್ನು ನೆಲದ ಮೇಲೆ ಬಿಡಿಸಿ, ಎಲ್ಲಾದರೂ ತಗ್ಗು ಬಿದ್ದಿದೆಯೇನೋ ಎಂದು ಅಂಗೈಯಿಂದ ಸವರಿ ಸವರಿ ನೋಡಿದೆ.